ಭೀಮಾ ನೀರಿನಲ್ಲಿ ಚಹಾದ ಸುಳಿವು

ಪ್ರಶ್ನೆ: ನದಿ ನೀರಿನಲ್ಲಿ ಕೆಫೀನ್ ಅಳೆಯುತ್ತಾರಂತೆ. ಕಲಬುರಗಿ ಕಡೆ ಕಾಫಿ ಕುಡಿಯೋರೇ ಕಡಿಮೆ. ಭೀಮಾ ನದಿಗೆ ಈ ಪರೀಕ್ಷೆಯಿಂದ ಏನು ಉಪಯೋಗ?

ಉತ್ತರ: ಕಾಫಿ ಕಡಿಮೆ, ಒಪ್ಪಿದೆ. ಚಹಾ? ಬೆಳಕು ಹರಿಯುವ ಮೊದಲೇ ಬಸ್ ಸ್ಟ್ಯಾಂಡ್ ಹತ್ತಿರ ಸ್ಟೋವ್ ಹೊತ್ತಿರುತ್ತದೆ, ಅಲ್ವಾ? ಚಹಾ ಪುಡಿಯಲ್ಲಿರುವುದೂ ಅದೇ ಕೆಫೀನ್. ಕುಡಿದದ್ದರಲ್ಲಿ ಬಹುಪಾಲು ಮೈಯೊಳಗೇ ಬೇರೆ ರೂಪಕ್ಕೆ ತಿರುಗುತ್ತದೆ. ನೂರಕ್ಕೆ ಹೆಚ್ಚೆಂದರೆ ಮೂರು ಪಾಲು ಹಾಗೇ ಮೂತ್ರದಲ್ಲಿ ಹೋಗುತ್ತದೆ. ಬಚ್ಚಲಿಗೆ ಚೆಲ್ಲಿದ ಆರಿದ ಚಹಾ ಬೇರೆ. ಎಲ್ಲ ಸೇರುವುದು ಗಟಾರಕ್ಕೆ.

ಭೀಮಾ ದಂಡೆಯಲ್ಲಿ ಎಮ್ಮೆಗಳು ನೀರಿಗಿಳಿಯುತ್ತವೆ. ಮಳೆಗೆ ಹೊಲದ ಗೊಬ್ಬರ ತೊಳೆದು ಬರುತ್ತದೆ. ನೀರಿನಲ್ಲಿ ಇ. ಕೊಲೈ (ಮಲದಲ್ಲಿರುವ ಬ್ಯಾಕ್ಟೀರಿಯಾ) ಸಿಕ್ಕರೆ ಅದು ದನದ್ದೋ ಮನುಷ್ಯರದ್ದೋ ಎಂದು ಮಾಮೂಲಿ ಪರೀಕ್ಷೆ ಹೇಳುವುದಿಲ್ಲ. ಆದರೆ ಎಮ್ಮೆ ಚಹಾ ಕುಡಿಯುವುದಿಲ್ಲ. ಇಲ್ಲಿನ ತೊಗರಿ, ಜೋಳದಲ್ಲೂ ಕೆಫೀನ್ ಇಲ್ಲ. ಹಾಗಾಗಿ ಕೆಫೀನ್ ಸಿಕ್ಕರೆ ಜನರ ಮನೆ, ಹೋಟೆಲುಗಳ ಕೊಳಚೆ ಸೇರಿದೆ ಅಂತಲೇ ಲೆಕ್ಕ.

ಸರಿಯಾಗಿ ನಡೆಯುವ ಕೊಳಚೆ ಶುದ್ಧೀಕರಣ ಘಟಕದಲ್ಲಿ ಬ್ಯಾಕ್ಟೀರಿಯಾಗಳು ಕೆಫೀನನ್ನು ಬಹುಪಾಲು ತಿಂದುಬಿಡುತ್ತವೆ. ಮೂರ್ಛೆ ರೋಗದ ಕಾರ್ಬಮಝೆಪೈನ್ ಮಾತ್ರೆಯ ಅಂಶ ಹಾಗಲ್ಲ, ಘಟಕವನ್ನು ದಾಟಿಕೊಂಡೇ ಬರುತ್ತದೆ. ಎರಡನ್ನೂ ಒಟ್ಟಿಗೆ ಅಳೆಯುವುದು ಅದಕ್ಕೇ. ಮಾತ್ರೆಯ ಅಂಶ ಇದ್ದು ಕೆಫೀನ್ ತೀರಾ ಕಡಿಮೆಯಿದ್ದರೆ ಶುದ್ಧೀಕರಿಸಿದ ನೀರು ಬಂದಿರಬೇಕು. ಕೆಫೀನೇ ಜಾಸ್ತಿಯಿದ್ದರೆ ಗಟಾರ ನೇರವಾಗಿ ನದಿಗೆ ಬಿದ್ದಿರಬೇಕು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 104 ದೇಶಗಳ 258 ನದಿಗಳನ್ನು ನೋಡಿದ್ದರು. ನೀರು ತೆಗೆದ ಅರ್ಧಕ್ಕಿಂತ ಹೆಚ್ಚು ಜಾಗಗಳಲ್ಲಿ ಈ ಎರಡೂ ಸಿಕ್ಕಿದ್ದವು.

ಅಳೆಯುವುದು ನ್ಯಾನೋಗ್ರಾಂ ಲೆಕ್ಕದಲ್ಲಿ. ಲೀಟರಿಗೆ 1 ನ್ಯಾನೋಗ್ರಾಂ ಅಂದರೆ 100 ಕೋಟಿ ಲೀಟರ್ ನೀರಿಗೆ ಒಂದೇ ಗ್ರಾಂ! ನೀರು ತುಂಬುವವರ ಬೆರಳಿಗೆ ಚಹಾ ತಾಗಿದ್ದರೂ ಲೆಕ್ಕ ಕೆಡುತ್ತದೆ. ಅದಕ್ಕೇ ಅವರಿಗೆ ಅವತ್ತು ಚಹಾ, ಕಾಫಿ, ಕೋಲಾ ಬಂದ್. (ನಮ್ಮ ಕಡೆ ಇದೇ ದೊಡ್ಡ ಕಷ್ಟ.) ಶುದ್ಧ ನೀರಿನ ಒಂದು ಬಾಟಲಿಯನ್ನೂ ನದಿಗೆ ಒಯ್ದು, ಅಲ್ಲೇ ತೆರೆದು, ವಾಪಸ್ ತಂದು ಪರೀಕ್ಷಿಸುತ್ತಾರೆ. ಅದರಲ್ಲೂ ಕೆಫೀನ್ ಬಂತೋ, ತಪ್ಪು ನದಿಯದ್ದಲ್ಲ.

ಕುಡಿದವರಿಗೆ ಈ ಕೆಫೀನಿಂದ ಏನಾದರೂ ಆಗುತ್ತದಾ? ಲೀಟರಿಗೆ 1000 ನ್ಯಾನೋಗ್ರಾಂ ಇದ್ದರೂ, ಒಂದು ಕಪ್ ಚಹಾದಷ್ಟು, ಅಂದರೆ ಸುಮಾರು 30 ಮಿಲಿಗ್ರಾಂ, ಹೊಟ್ಟೆಗೆ ಹೋಗಬೇಕಾದರೆ 30,000 ಲೀಟರ್ ಕುಡಿಯಬೇಕು. ಹೆದರಬೇಕಾದದ್ದು ಅದರ ಜೊತೆ ಬಂದ ಕೊಳಚೆಗೆ.

ಸುಮ್ನೆ ಒಂದು ಬಾಟಲಿ ತುಂಬಿದರೆ ಸಾಲದು. ಊರಿನ ಮೇಲ್ಗಡೆ ಒಂದು, ಗಟಾರ ಕೂಡುವ ಜಾಗದ ಕೆಳಗೆ ಒಂದು ಬೇಕು. ಮಳೆಗಾಲದಲ್ಲಿ ನೀರು ಹೆಚ್ಚಾಗಿ ಕೆಫೀನ್ ತೆಳುವಾಗುತ್ತದೆ. ಏಪ್ರಿಲ್‌ನಲ್ಲಿ, ಹೊಳೆ ಬತ್ತಿ ಮಡುಗಳಷ್ಟೇ ಉಳಿದಾಗ, ಮತ್ತೆ ಹೋಗಿ ತುಂಬಬೇಕು.