ದುಡಿದವರು ನೀವು, ಕಾಗದದ ಮೇಲೆ ಹೆಸರು ಯಾರದು?

ಹಳೆಯ ಕಾಲದ ಹಿಂದಿ ಸಿನಿಮಾದ ಹಾಡುಗಾರ್ತಿ, ನಟಿ ಅಮೀರ್‌ಬಾಯಿ ಕರ್ನಾಟಕಿ ಅವರ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಸಿನಿಮಾದವರ ಬಾಳೇವು ಅಷ್ಟೇ ಬಿಡ್ರಿ." ನನಗೆ ಸಿಟ್ಟು ಬರುವುದು ಇಲ್ಲಿಯೇ. ಹುಬ್ಬಳ್ಳಿಯಲ್ಲಿ ಗಂಡ-ಹೆಂಡತಿ ಕೇಸುಗಳನ್ನೇ ಹೆಚ್ಚಾಗಿ ನಡೆಸುವ ವಕೀಲೆ ನಾನು. ಅಮೀರ್‌ಬಾಯಿ ಮದುವೆಯಲ್ಲಿ ಪಟ್ಟ ಪಾಡಿಗೂ ಸಿನಿಮಾಕ್ಕೂ ನಂಟು ಕಡಿಮೆ. ಅಂಥದೇ ಪಾಡು ಪಡುವ ನರ್ಸ್‌ಗಳು, ಟೀಚರ್‌ಗಳು, ರೊಟ್ಟಿ ಮಾರುವವರು ನನ್ನ ಆಫೀಸಿಗೆ ಬರುತ್ತಲೇ ಇರುತ್ತಾರೆ.

ಅಮೀರ್‌ಬಾಯಿ ಬೀಳಗಿಯವರು. 1930ರ ದಶಕದಲ್ಲಿ ಮುಂಬೈಗೆ ಹೋಗಿ ನಟಿಸಿದರು, ಹಾಡಿದರು. 1943ರ 'ಕಿಸ್ಮತ್' ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಓಡಿತಲ್ಲ, ಅದರ ಹೆಚ್ಚಿನ ಹಾಡುಗಳಲ್ಲಿ ಇದ್ದದ್ದು ಇವರ ದನಿ. ದೇಶಕ್ಕೆಲ್ಲ ಗೊತ್ತಿದ್ದ ಹೆಣ್ಣುಮಗಳು. ವಿಲನ್ ಪಾತ್ರಗಳಿಗೆ ಹೆಸರಾಗಿದ್ದ ಹಿಮಾಲಯವಾಲಾ ಎಂಬ ನಟನನ್ನು ಮದುವೆಯಾದರು. ಆ ಮದುವೆ ನೋವನ್ನೇ ಕೊಟ್ಟಿತು. ಕೊನೆಗೆ ಅದರಿಂದ ಹೊರಬಂದರು, ಮುಂದೆ ಪತ್ರಿಕೆಯ ಸಂಪಾದಕರೊಬ್ಬರನ್ನು ಮದುವೆಯಾದರು. 1965ರಲ್ಲಿ ತೀರಿಕೊಂಡರು. ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರಿನದೇ.

ಅವರು ಹೆಸರು ಮಾಡುತ್ತಿದ್ದ ಕಾಲದಲ್ಲೇ, 1939ರಲ್ಲಿ, ಮುಸ್ಲಿಂ ಹೆಂಗಸರಿಗೆ ಕೋರ್ಟಿನ ಮೂಲಕ ವಿಚ್ಛೇದನ ಕೇಳುವ ಕಾಯ್ದೆ ಬಂತು. ಕ್ರೌರ್ಯ ಎಂದರೆ ಯಾವುದು ಯಾವುದು ಎಂದು ಅದರಲ್ಲಿ ಬಿಡಿಸಿ ಬರೆದಿದ್ದಾರೆ. ಹೊಡೆಯುವುದು ಇದೆ. ಅದರ ಜೊತೆಗೇ, ಹೆಂಡತಿಯ ಆಸ್ತಿಯನ್ನು ಗಂಡ ಮಾರಿಹಾಕುವುದು, ಅದರ ಮೇಲಿನ ಅವಳ ಹಕ್ಕಿಗೆ ಅಡ್ಡ ಬರುವುದು ಕೂಡ ಕ್ರೌರ್ಯವೇ ಎಂದಿದೆ. 1939ರ ಕಾಯ್ದೆಯ ಮಾತು ಇದು! ಇವತ್ತಿಗೂ ನನ್ನೆದುರು ಕೂತವರು ಹೇಳುವುದೇನು? "ಹೊಡಿಯೂದು ಬಡಿಯೂದು ಏನಿಲ್ರಿ ಅಕ್ಕಾರ. ಬರೇ ಪಗಾರ ಇಸ್ಕೊಂತಾರ."

ಬರೇ ಪಗಾರ! 2005ರ ಕೌಟುಂಬಿಕ ಹಿಂಸೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ. ಹಣಕಾಸಿನ ಹಿಂಸೆಯೂ ಹಿಂಸೆ ಎಂದು ಅದರಲ್ಲೂ ಸ್ಪಷ್ಟವಾಗಿಯೇ ಇದೆ. ಇದನ್ನು ಹೇಳಿದ ಕೂಡಲೇ ಎಲ್ಲರೂ ತಲೆಯಾಡಿಸುತ್ತಾರೆ. ನಾನು ಮುಂದೆ ಹೇಳುವುದು ಮಾತ್ರ ಯಾರ ಕಿವಿಗೂ ಹೋಗುವುದಿಲ್ಲ. ದುಡಿದದ್ದು ನಿಮ್ಮದು ಎಂದು ಕಾಯ್ದೆ ಒಪ್ಪುತ್ತದೆ, ಆದರೆ ನೀವೇ ದುಡಿದದ್ದು ಎಂಬುದಕ್ಕೆ ಕೋರ್ಟು ಗುರುತು ಕೇಳುತ್ತದೆ.

ಮನೆಯ ವಿಷಯವನ್ನೇ ನೋಡಿ. ಸಾಲ ಗಂಡನ ಹೆಸರಲ್ಲಿ, ಮನೆ ಗಂಡನ ಹೆಸರಲ್ಲಿ. ಹೆಂಡತಿ ತಿಂಗಳು ತಿಂಗಳು ಎಟಿಎಂನಿಂದ ಹಣ ತೆಗೆದು ಗಂಡನ ಕೈಗೆ ಕೊಡುತ್ತಾಳೆ. ಅವನು ಅದನ್ನು ತನ್ನ ಖಾತೆಗೆ ಹಾಕಿ ಕಂತು ಕಟ್ಟುತ್ತಾನೆ. ಹತ್ತು ವರ್ಷ ಆದಮೇಲೆ ಬ್ಯಾಂಕಿನ ಲೆಕ್ಕದಲ್ಲಿ ಕಾಣುವುದು ಏನು? ಗಂಡ ಸಾಲ ತೀರಿಸಿದ್ದು ಕಾಣುತ್ತದೆ. ಹೆಂಡತಿ ಹಣ ತೆಗೆದದ್ದೂ ಕಾಣುತ್ತದೆ, ಆದರೆ ಅದು ಸೀರೆಗೆ ಹೋಯಿತೋ ಮನೆಗೆ ಹೋಯಿತೋ ಎಂದು ಎದುರು ವಕೀಲರು ಕೇಳಿದರೆ ಉತ್ತರ ಇರುವುದಿಲ್ಲ. ಅದೇ ಹಣ ಅವಳ ಖಾತೆಯಿಂದ ನೇರವಾಗಿ ಸಾಲದ ಖಾತೆಗೆ ಹೋಗಿದ್ದರೆ ಹೋರಾಡಲು ನನ್ನ ಕೈಯಲ್ಲಿ ಒಂದು ಆಧಾರ ಇರುತ್ತಿತ್ತು. ಲೆಕ್ಕ ತೋರಿಸಬಹುದಾದ ಹಣದಿಂದ ಗಂಡನ ಅಥವಾ ಹೆಂಡತಿಯ ಹೆಸರಲ್ಲಿ ಆಸ್ತಿ ಕೊಂಡರೆ ಬೇನಾಮಿ ಕಾಯ್ದೆ, ಅಂದರೆ ಒಬ್ಬರ ಹಣದಿಂದ ಇನ್ನೊಬ್ಬರ ಹೆಸರಲ್ಲಿ ಆಸ್ತಿ ಮಾಡುವುದನ್ನು ತಡೆಯುವ ಕಾಯ್ದೆ, ಅದಕ್ಕೆ ವಿನಾಯಿತಿ ಕೊಟ್ಟಿದೆ. ಆದರೆ ಆ ಲೆಕ್ಕ ಇರಬೇಕಲ್ವಾ? ಎಲ್ಲಕ್ಕಿಂತ ಒಳ್ಳೆಯದು, ಖರೀದಿ ಪತ್ರದಲ್ಲಿ ಮೊದಲೇ ನಿಮ್ಮ ಹೆಸರನ್ನೂ ಹಾಕಿಸುವುದು.

ಹಳೇ ಹುಬ್ಬಳ್ಳಿ ಕಡೆಯ ಒಬ್ಬ ತಾಯಿ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಜೋಳದ ರೊಟ್ಟಿಯ ವ್ಯಾಪಾರ ಜೋರಾಗಿತ್ತು. ಮದುವೆ ಮನೆಗಳಿಂದ ಆರ್ಡರ್ ಬರುತ್ತಿದ್ದವು. ಅಂಗಡಿ ಗೋಡೆಗೆ ಅಂಟಿಸಿದ ಸ್ಕ್ಯಾನರ್ ಮಾತ್ರ ಗಂಡನ ಖಾತೆಯದು. ಗಿರಾಕಿ ಸ್ಕ್ಯಾನ್ ಮಾಡಿದರೆ ದುಡ್ಡು ಬಂತು ಎಂಬ ದನಿ ಇವಳಿಗೆ ಕೇಳುತ್ತಿತ್ತು, ದುಡ್ಡು ಅವನಿಗೆ ಸೇರುತ್ತಿತ್ತು. ರೊಟ್ಟಿ ಮಷೀನಿನ ಬಿಲ್ಲೂ ಅವನ ಹೆಸರಲ್ಲೇ. ಅದಕ್ಕಾಗಿ ತೆಗೆದ ಸಂಘದ ಸಾಲ ಮಾತ್ರ ಇವಳ ಹೆಸರಲ್ಲಿ! ಪುರಾವೆ ಏನಿದೆ ಎಂದು ಕೇಳಿದೆ. "ಇಡೀ ಓಣಿ ನೋಡೇತ್ರಿ, ನಾ ರೊಟ್ಟಿ ಬಡಿಯೂದು" ಎಂದಳು. ನಿಜವೇ. ಆದರೆ ಓಣಿಯವರು ಕಟ್ಟೆ ಮೇಲೆ ಕೂತು ಹೇಳುವುದನ್ನು ಕೋರ್ಟಿಗೆ ಬಂದು ಹೇಳುವುದಿಲ್ಲ. ಸುಮ್ನೆ ಜಗಳ ಯಾಕೆ ಅನ್ನುತ್ತಾರೆ.

ಕೈ ಹಿಡಿದದ್ದು ಮಗಳ ಹಳೆಯ ನೋಟ್‌ಬುಕ್. ಹಿಟ್ಟು ಮೆತ್ತಿದ ಹಾಳೆಗಳಲ್ಲಿ ಪೆನ್ಸಿಲ್‌ನಿಂದ ಬರೆದ ಆರ್ಡರ್‌ಗಳು: ತಾರೀಖು, ಎಷ್ಟು ರೊಟ್ಟಿ, ಎಷ್ಟು ಅಡ್ವಾನ್ಸ್. ಜೊತೆಗೆ ಸಂಘದ ಪಾಸ್‌ಬುಕ್. ಇವೆರಡನ್ನೂ ಇಟ್ಟು ಅರ್ಜಿ ಹಾಕಿದೆವು. ಕೇಸು ಮುಗಿಯುವವರೆಗೆ ಮಷೀನು ಮಾರಬಾರದು ಎಂಬ ಆದೇಶ ಸಿಕ್ಕಿತು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಒಂದೊಂದು ಕೇಸಿನ ಕಾಗದವೂ ಬೇರೆ.

ತವರಿನ ಬಂಗಾರದ್ದು ಕಥೆ ಸರಳ. ಸ್ತ್ರೀಧನ, ಅಂದರೆ ಮದುವೆಯಲ್ಲಿ ಹೆಣ್ಣಿಗೆಂದು ಕೊಟ್ಟ ಒಡವೆ-ವಸ್ತು, ಹೆಂಡತಿಯದೇ, ಗಂಡನ ಮನೆಯವರ ಕೈಗೆ ಕೊಟ್ಟಿದ್ದರೂ ಅವಳದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಬಂಗಾರದ ಬಿಲ್ಲು, ಮದುವೆಯ ಫೋಟೋ ಎತ್ತಿಡಿ, ಸಾಕು.

"ಗಂಡನ ಕಡೆ ಹ್ಯಾಂಗ ಲೆಕ್ಕ ಕೇಳೂದ್ರಿ, ನಂಬಿಕಿ ಇಲ್ಲ ಅಂದಂಗ ಆಗೂದಿಲ್ಲೇನ್ರಿ?" ಎಂದು ಕೇಳುವವರ ಮೇಲೆ ನನಗೆ ಸಿಟ್ಟಿಗಿಂತ ಅಕ್ಕರೆಯೇ ಹೆಚ್ಚು. ಪ್ರೀತಿಯಿಂದಲೇ ಕೊಟ್ಟಿರುತ್ತಾರೆ. ಕೊಡಿ, ಬೇಡ ಅನ್ನುವುದಿಲ್ಲ. ಖಾತೆಯಿಂದ ಖಾತೆಗೆ ಕೊಡಿ. ಸಹಿ ಮಾಡಿದ ಖಾಲಿ ಚೆಕ್ ಮಾತ್ರ ಯಾರ ಕೈಗೂ ಕೊಡಬೇಡಿ, ಅಣ್ಣನ ಕೈಗೂ.

ಇದನ್ನು ಓದಿ ನಾಳೆಯೇ ಕೇಸು ಹಾಕಲು ಹೊರಡಬೇಡಿ. ಮೊದಲು ಕಾಗದ ತೋರಿಸಿ ಕೇಳಿ. ವಕೀಲರ ಫೀಸಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೋಗುವಾಗ ಪಾಸ್‌ಬುಕ್, ಸಾಲದ ಕಾಗದ, ಕೈಬರಹದ ಲೆಕ್ಕ ಏನೇ ಇದ್ದರೂ ಚೀಲಕ್ಕೆ ಹಾಕಿಕೊಂಡು ಹೋಗಿ. ಯಾವುದು ಬೇಕು, ಯಾವುದು ಬೇಡ ಎಂದು ವಕೀಲರು ನೋಡಿಕೊಳ್ಳುತ್ತಾರೆ.