ಆಶ್ಲೇಷ ಮಳೆಯಲ್ಲಿ ಬಾವುಟ ಯಾಕೆ ಹಾರುವುದಿಲ್ಲ?

ಮಲೆನಾಡಿನಲ್ಲಿ ಆಗಸ್ಟ್ 15 ಬರುವುದೇ ಆಶ್ಲೇಷ ಮಳೆಯಲ್ಲಿ. ತೀರ್ಥಹಳ್ಳಿ, ಹೊಸನಗರ ಕಡೆಯ ಯಾವುದಾದರೂ ಹಳ್ಳಿ ಶಾಲೆಗೆ ಹೋಗಿ ನೋಡಿ. ಮಕ್ಕಳು ಕೊಡೆ ಹಿಡಿದು ಸಾಲಾಗಿ ನಿಂತಿರುತ್ತಾರೆ. ಎಸ್‌ಡಿಎಂಸಿ ಅಧ್ಯಕ್ಷರು ಹಗ್ಗ ಎಳೆಯುತ್ತಾರೆ. ಮೇಲೆ ಗಂಟು ಬಿಚ್ಚುವುದಿಲ್ಲ. ಇನ್ನೊಂದು ಸಲ ಎಳೆಯುತ್ತಾರೆ. ಪಿ.ಟಿ. ಮೇಷ್ಟ್ರು ಓಡಿ ಬಂದು ಕೈ ಹಾಕುತ್ತಾರೆ. ಕೊನೆಗೆ ನಾಲ್ಕು ಒದ್ದೆ ಹೂವಿನ ಎಸಳು ಕೆಳಗೆ ಬೀಳುತ್ತವೆ. ಬಾವುಟ ಮಾತ್ರ ಅರೆಬರೆ ಬಿಚ್ಚಿಕೊಂಡು ಕಂಬಕ್ಕೆ ಅಂಟಿ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಹಿಂದಿನಿಂದ ಯಾರೋ ಒಬ್ಬರು ಹೇಳಿರುತ್ತಾರೆ: "ಯಾಕೋ ಈ ವರ್ಷ ಲಕ್ಷಣ ಸರಿ ಇಲ್ಲ."

ಈ ಮಾತು ಕೇಳಿದರೆ ನನಗೆ ತುಂಬ ಬೇಜಾರಾಗುತ್ತದೆ. ಅಲ್ಲೇ ಮುಂದಿನ ಸಾಲಿನಲ್ಲಿ ಒಂದು ಮಗು "ಬಾವುಟ ಯಾಕೆ ಹಾರ್ತಾ ಇಲ್ಲ ಸರ್?" ಅಂತ ಕೇಳಿರುತ್ತದೆ. ಎಷ್ಟು ಒಳ್ಳೆಯ ಪ್ರಶ್ನೆ ಅದು! ಅಪಶಕುನ ಅಂದುಬಿಟ್ಟರೆ ಆ ಮಗು ಮತ್ತೆ ಕೇಳುವುದಿಲ್ಲ.

ಮೊದಲು ಗಂಟಿನ ವಿಷಯ. ಸಾಮಾನ್ಯವಾಗಿ ಹಿಂದಿನ ಸಂಜೆಯೋ ನಸುಕಿನಲ್ಲೋ ಬಾವುಟ ಮಡಚಿ, ಒಳಗೆ ಹೂವಿಟ್ಟು, ಹತ್ತಿ ಹಗ್ಗದಿಂದ ಜಾರುಗಂಟು ಹಾಕಿ ಮೇಲೇರಿಸಿರುತ್ತಾರೆ. ಹತ್ತಿ ಅಂದರೆ ಸೆಲ್ಯುಲೋಸ್. ಅದಕ್ಕೆ ನೀರೆಂದರೆ ಪ್ರೀತಿ. ನೀರು ಎಳೆಯ ಒಳಗೇ ಸೇರಿಕೊಳ್ಳುತ್ತದೆ, ಎಳೆ ದಪ್ಪಗಾಗುತ್ತದೆ, ಆದರೆ ಉದ್ದದಲ್ಲಿ ಹೆಚ್ಚೇನೂ ಬೆಳೆಯುವುದಿಲ್ಲ. ಹಗ್ಗ ಹೊಸೆದಾಗ ಈ ಎಳೆಗಳು ಒಂದರ ಮೇಲೊಂದು ಸುತ್ತಿಕೊಂಡಿರುತ್ತವೆ. ಒಳಗಿನದು ದಪ್ಪವಾದರೆ ಹೊರಗಿನ ಸುತ್ತು ದೊಡ್ಡದಾಗಬೇಕು. ಅದಕ್ಕೆ ಬೇಕಾದ ಉದ್ದ ಎಲ್ಲಿಂದ ಬರಬೇಕು? ಹಗ್ಗದ ಉದ್ದದಿಂದಲೇ. ಅದಕ್ಕೇ ಒದ್ದೆಯಾದ ಹತ್ತಿ ಹಗ್ಗ ಗಿಡ್ಡವಾಗುತ್ತದೆ, ಯಾರೂ ಮುಟ್ಟದೆಯೇ ಗಂಟು ಬಿಗಿಯಾಗುತ್ತದೆ. ಅದರ ಮೇಲೆ, ಬಿಚ್ಚಿ ಹೋದೀತು ಅಂತ ಹೆದರಿ ಹಿಂದಿನ ದಿನ ಯಾರೋ ಎರಡು ಸುತ್ತು ಜಾಸ್ತಿ ಸುತ್ತಿರುತ್ತಾರೆ. ಸುತ್ತು ಹೆಚ್ಚಿದ ಹಾಗೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ಇದನ್ನು ಲೆಕ್ಕ ಹಾಕಿ ಇಟ್ಟಿದ್ದಾನೆ. ನೈಲಾನ್ ಹಗ್ಗ ತನ್ನಿ, ಒಂದೇ ಸುತ್ತಿನ ಜಾರುಗಂಟು ಹಾಕಿ, ಏರಿಸುವ ಮೊದಲು ಕೆಳಗೇ ಒಂದು ಸಲ ಎಳೆದು ನೋಡಿ. ಅರ್ಧ ಅಪಶಕುನ ಅಲ್ಲಿಗೇ ಪರಿಹಾರ.

ಶಕುನದ ಜೊತೆಗೆ ಪವಾಡವೂ ಇದೆ. 2024ರ ಆಗಸ್ಟ್‌ನಲ್ಲಿ ಕೇರಳದ ಒಂದು ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಬಾವುಟ ಸಿಕ್ಕಿಹಾಕಿಕೊಂಡಿದೆ, ಎಲ್ಲಿಂದಲೋ ಒಂದು ಹಕ್ಕಿ ಹಾರಿ ಬಂದು ಗಂಟು ಬಿಚ್ಚಿ ಹೋಗುತ್ತದೆ! ನಮ್ಮ ಕಡೆಯೂ ಕೈ ಮುಗಿದು ಫಾರ್ವರ್ಡ್ ಮಾಡಿದವರು ಬಹಳ. ಆಮೇಲೆ ಬೇರೆ ಕೋನದಿಂದ ತೆಗೆದ ವಿಡಿಯೊ ಬಂತು. ಹಕ್ಕಿ ಕೂತಿದ್ದು ಕಂಬದ ಹಿಂದೆ, ದೂರದಲ್ಲಿದ್ದ ತೆಂಗಿನ ಮರದ ಮೇಲೆ. ಒಂದೇ ನೇರದಲ್ಲಿರುವ ಎರಡು ವಸ್ತುಗಳಲ್ಲಿ ಯಾವುದು ಹತ್ತಿರ, ಯಾವುದು ದೂರ ಅಂತ ಒಂದು ಕ್ಯಾಮೆರಾ ಕಣ್ಣಿಗೆ ಗೊತ್ತಾಗುವುದಿಲ್ಲ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ ಗೊತ್ತಾಗುತ್ತದೆ. ನಕ್ಷತ್ರಗಳ ದೂರ ಅಳೆಯುವವರೂ ಇದನ್ನೇ ಮಾಡುತ್ತಾರೆ. ಅವರ ಹೆಜ್ಜೆ ಮಾತ್ರ ದೊಡ್ಡದು, ಸೂರ್ಯನ ಸುತ್ತ ಭೂಮಿ ಆರು ತಿಂಗಳಲ್ಲಿ ಸರಿಯುವಷ್ಟು.

ಸರಿ, ಗಂಟು ಬಿಚ್ಚಿತು ಅಂದುಕೊಳ್ಳೋಣ. ಆದರೂ ಬಾವುಟ ಹಾರುವುದಿಲ್ಲ, ಯಾಕೆ? ಒದ್ದೆ ಮಡಿಕೆಗಳ ನಡುವೆ ನೀರಿನ ತೆಳು ಪದರ ಇರುತ್ತದೆ. ಅದರ ಮೇಲ್ಮೈ ಸೆಳೆತ ಎರಡೂ ಪದರಗಳನ್ನು ಹಿಡಿದು ಕೂರಿಸುತ್ತದೆ. ಜೊತೆಗೆ ತೂಕ. ತೊಟ್ಟಿಕ್ಕುವಷ್ಟು ನೆನೆದ ಹತ್ತಿ ಬಟ್ಟೆಯಲ್ಲಿ ಅದರ ತೂಕದಷ್ಟೋ, ಅದಕ್ಕಿಂತ ಜಾಸ್ತಿಯೋ ನೀರಿರುತ್ತದೆ. ಬಟ್ಟೆಯ ಮೇಲೆ ಗಾಳಿ ಹಾಕುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಬಾವುಟ ನಾಲ್ಕು ಪಟ್ಟು ಭಾರವಾದರೂ ಗಾಳಿ ಎರಡು ಪಟ್ಟು ಜೋರಾದರೆ ಸಾಕು. ಆದರೆ ಜಡಿಮಳೆ ಹಿಡಿದ ಬೆಳಗ್ಗೆ ಮರಗಳ ನಡುವಿನ ಶಾಲೆಯಂಗಳಕ್ಕೆ ಅಷ್ಟೂ ಗಾಳಿ ಇಳಿಯುವುದಿಲ್ಲ.

ಪಾಲಿಯೆಸ್ಟರ್ ಬಾವುಟಕ್ಕೆ ಈ ಕಷ್ಟ ಕಡಿಮೆ. ಸಾಧಾರಣ ಹವೆಯಲ್ಲಿ 100 ಗ್ರಾಂ ಹತ್ತಿ ಸುಮಾರು 8 ಗ್ರಾಂ ತೇವ ಹೀರಿಕೊಂಡರೆ, ಅಷ್ಟೇ ಪಾಲಿಯೆಸ್ಟರ್ ಹೀರುವುದು ಅರ್ಧ ಗ್ರಾಮಿಗಿಂತ ಕಡಿಮೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್‌ಗೂ ಯಂತ್ರದ ಬಟ್ಟೆಗೂ ಒಪ್ಪಿಗೆ ಕೊಟ್ಟರು. ಅಲ್ಲಿಯವರೆಗೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆಯೇ ಆಗಬೇಕಿತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಾವುಟ ಹೊಲಿಯುವವರು ಆಗ ಪ್ರತಿಭಟನೆ ಮಾಡಿದ್ದು ನೆನಪಿರಬಹುದು. ನನಗಂತೂ ಖಾದಿಯೇ ಇಷ್ಟ, ಮಳೆಗೆ ಜೋತು ಬಿದ್ದರೂ ಪರವಾಗಿಲ್ಲ. ಸ್ವತಂತ್ರ ಭಾರತ ವಸ್ತುಗಳ ಗುಣಮಟ್ಟಕ್ಕೆ ನಿಯಮ ಬರೆಯಲು ಕೂತಾಗ ಮೊದಲ ನಂಬರು ಕೊಟ್ಟಿದ್ದು ಬಾವುಟಕ್ಕೆ. 'ಐಎಸ್ 1' ಅಂದರೆ ರಾಷ್ಟ್ರಧ್ವಜ. ಸಿಮೆಂಟು, ಕಬ್ಬಿಣ ಎಲ್ಲ ಅದರ ನಂತರ! ಬಣ್ಣ ಬಿಸಿಲಿಗೆ ಎಷ್ಟು ತಡೆಯಬೇಕು, ಬಟ್ಟೆ ಎಷ್ಟು ಎಳೆತ ತಾಳಬೇಕು ಅನ್ನುವುದೆಲ್ಲ ಅದರಲ್ಲಿದೆ.

ನಮ್ಮ ಜಿಲ್ಲೆಯವರಿಗೆ ಇದರಲ್ಲಿ ಇನ್ನೊಂದು ನೆನಪೂ ಸೇರಿಕೊಂಡಿದೆ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮೂರು ಸ್ವತಂತ್ರ ಎಂದು ಸಾರಿ, ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಬಾವುಟ ಹಾರಿಸಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದರು. ಮುಂದೆ ನಡೆದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದರು. ಆ ಕಾಲದ ಬಾವುಟದ ನಡುವೆ ಇದ್ದಿದ್ದು ಚರಕ. 24 ಅರಗಳ ಅಶೋಕ ಚಕ್ರ ಬಂದಿದ್ದು 1947ರ ಜುಲೈ 22ರಂದು, ಸಂವಿಧಾನ ಸಭೆ ಈಗಿನ ಬಾವುಟವನ್ನು ಒಪ್ಪಿಕೊಂಡಾಗ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಶ್ನೆಗೆ ಬರುತ್ತೇನೆ. ಮಳೆ ಬಿಟ್ಟು ಗಾಳಿ ಬೀಸಿದಾಗ ಬಾವುಟ ಪಟಪಟ ಅನ್ನುವುದು ಯಾಕೆ? "ಗಾಳಿ ತಳ್ಳುತ್ತದಲ್ಲ, ಅದಕ್ಕೆ" ಅಂತ ಎಲ್ಲರೂ ಹೇಳುತ್ತಾರೆ. ಸ್ವಲ್ಪ ಯೋಚನೆ ಮಾಡಿ. ಗಾಳಿ ತಳ್ಳುವುದು ಒಂದೇ ದಿಕ್ಕಿಗೆ ಅಲ್ವಾ? ಹಾಗಾದರೆ ಬಾವುಟ ಆ ದಿಕ್ಕಿಗೆ ಹಲಗೆಯ ಹಾಗೆ ನೆಟ್ಟಗೆ ಚಾಚಿ ಸುಮ್ನೆ ನಿಲ್ಲಬೇಕಿತ್ತು. ಎಡಕ್ಕೂ ಬಲಕ್ಕೂ ಬಳುಕುವ ಅಗತ್ಯ ಏನಿತ್ತು? ಸ್ವಲ್ಪ ಓದಿಕೊಂಡವರು, ಕಂಬದ ಹಿಂದೆ ಗಾಳಿ ಸುಳಿ ಸುಳಿಯಾಗಿ ಬರುತ್ತದೆ, ಅದೇ ಬಾವುಟವನ್ನು ಅಲ್ಲಾಡಿಸುತ್ತದೆ ಅನ್ನುತ್ತಾರೆ. ಸುಳಿ ಏಳುವುದು ನಿಜ. ಆದರೆ ಕಂಬ ಇಲ್ಲದಿದ್ದರೂ ಬಾವುಟ ಬಳುಕುತ್ತದೆ. ಬಟ್ಟೆಯ ಅಂಚನ್ನು ಬಿಗಿಯಾಗಿ ಎಳೆದು ಕಟ್ಟಿದ ಸಣ್ಣ ತಂತಿಗೆ ಹೊಲಿದು ನೋಡಿ.

1879ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿ ಈ ಬಳುಕಾಟದ ಬಗ್ಗೆ ಬರೆದರು. ಮುಂದೆ 1904ರಲ್ಲಿ ನೊಬೆಲ್ ಪಡೆದವರು ಇವರೇ. ಅವರು ಹಿಡಿದ ಎಳೆ ಹೀಗಿದೆ. ನೆಟ್ಟಗಿರುವ ಬಟ್ಟೆ ಯಾವುದೋ ಕಾರಣಕ್ಕೆ ಒಂದು ಕೂದಲೆಳೆಯಷ್ಟು ಎಡಕ್ಕೆ ಉಬ್ಬಿತು ಅನ್ನಿ. ಉಬ್ಬಿನ ಮೇಲೆ ಹಾಯುವ ಗಾಳಿ ಬಾಗಿಕೊಂಡು ವೇಗವಾಗಿ ಹೋಗಬೇಕು, ಅಲ್ಲಿ ಒತ್ತಡ ಇಳಿಯುತ್ತದೆ. ಆ ಕಡೆ, ಅಂದರೆ ತಗ್ಗಾದ ಬದಿಯಲ್ಲಿ, ಗಾಳಿ ನಿಧಾನವಾಗಿ ಒತ್ತಡ ಏರುತ್ತದೆ. ಹೆಚ್ಚು ಒತ್ತಡ ಬಲಗಡೆ, ಕಡಿಮೆ ಎಡಗಡೆ. ಹಾಗಾದರೆ ಉಬ್ಬು ಇನ್ನಷ್ಟು ಎಡಕ್ಕೇ ಹೋಗುತ್ತದೆ. ಸಣ್ಣ ಉಬ್ಬು ತನ್ನನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ! ನೆಟ್ಟಗೆ ನಿಲ್ಲುವುದು ಬಾವುಟಕ್ಕೆ ಸಾಧ್ಯವೇ ಆಗದ ಕೆಲಸ.

ಆದರೆ ಎಡಕ್ಕೆ ಹೋದದ್ದು ಹಿಂದೆ ಬರಬೇಕಲ್ಲ? ಬಟ್ಟೆಯ ಬಿಗಿತ, ಗಾಳಿಯ ಜಗ್ಗಾಟ ಎರಡೂ ಅದನ್ನು ಮತ್ತೆ ನೇರಕ್ಕೆ ಎಳೆಯುತ್ತವೆ. ಇಲ್ಲಿ ಬಟ್ಟೆಯ ತೂಕ ಆಟಕ್ಕೆ ಬರುತ್ತದೆ. ನಮ್ಮ ಕೊನೆಗಾರ ಅಡಿಕೆ ಮರದ ತುದಿಯಿಂದ ಪಕ್ಕದ ಮರಕ್ಕೆ ದಾಟುವುದನ್ನು ನೋಡಿದ್ದೀರಲ್ಲ? ಒಂದೇ ಸಲ ಬಲವಾಗಿ ಬಗ್ಗಿಸುವುದಿಲ್ಲ ಆತ. ಸಣ್ಣಗೆ ತೂಗುತ್ತಾನೆ. ಮರ ಹಿಂದಕ್ಕೆ ಬರುತ್ತದೆ, ತನ್ನ ಭಾರಕ್ಕೆ ನಡುವಿನಲ್ಲಿ ನಿಲ್ಲಲಾಗದೆ ಆ ಕಡೆಗೂ ಬಾಗುತ್ತದೆ. ತಿರುಗುವ ಹೊತ್ತಿಗೆ ಸರಿಯಾಗಿ ಇನ್ನೊಂದು ತೂಗು. ನಾಲ್ಕಾರು ತೂಗಿಗೆ ಪಕ್ಕದ ಮರ ಕೈಗೆ ಸಿಗುತ್ತದೆ. ಬಾವುಟದಲ್ಲಿ ಗಾಳಿಯೇ ಕೊನೆಗಾರ. ನೇರಕ್ಕೆ ಮರಳಿದ ಬಟ್ಟೆ ತನ್ನ ಭಾರದ ದೆಸೆಯಿಂದ ಅಲ್ಲಿ ನಿಲ್ಲದೆ ಬಲಕ್ಕೆ ದಾಟುತ್ತದೆ. ದಾಟಿದ ತಕ್ಷಣ ಉಬ್ಬು ಬಲಗಡೆ. ಈಗ ಗಾಳಿ ಅದನ್ನು ಬಲಕ್ಕೆ ಸೆಳೆಯುತ್ತದೆ. ಗಾಳಿ ಎಡಬಲ ಬದಲಾಯಿಸುತ್ತಲೇ ಇಲ್ಲ. ಬಟ್ಟೆ ತಾನು ತಿರುಗಿ ಗಾಳಿಯಿಂದ ಹೊತ್ತಿಗೆ ಸರಿಯಾಗಿ ಬಲ ವಸೂಲಿ ಮಾಡಿಕೊಳ್ಳುತ್ತದೆ. ಜೊತೆಗೆ ಗಾಳಿ ಪ್ರತಿ ಉಬ್ಬನ್ನೂ ಕಂಬದಿಂದ ತುದಿಯ ಕಡೆಗೆ ಸಾಗಿಸುತ್ತದೆ. ನಮಗೆ ಕಾಣುವ ಅಲೆ ಅದೇ.

ಇದನ್ನು ಚೊಕ್ಕಟವಾಗಿ ತೋರಿಸಿದ್ದು 2000ದಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು. ಅವರು ಎರಡು ನೈಲಾನ್ ತಂತಿಗಳ ನಡುವೆ ಸೋಪಿನ ನೀರಿನ ತೆಳು ಪೊರೆ ಹರಿಯಬಿಟ್ಟರು, ಅದರಲ್ಲಿ ಒಂದು ತುಂಡು ರೇಷ್ಮೆ ದಾರ ಇಟ್ಟರು. ಪೊರೆಯೇ ಗಾಳಿ, ದಾರವೇ ಬಾವುಟ. ದಾರ ಗಿಡ್ಡವಾಗಿದ್ದಾಗ ನೆಟ್ಟಗೇ ನಿಂತಿತು. ಉದ್ದವಾದಾಗ ಬಳುಕಿತು. ನಡುವಿನ ಉದ್ದದಲ್ಲಿ ಮಾತ್ರ ವಿಚಿತ್ರ: ಬಿಟ್ಟರೆ ನೆಟ್ಟಗಿರುತ್ತದೆ, ಒಂದು ಸಲ ತಟ್ಟಿದರೆ ಬಳುಕಲು ಶುರು ಮಾಡಿ ಮತ್ತೆ ನಿಲ್ಲಿಸುವುದೇ ಇಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ತೂಕವೇ ಇಲ್ಲದ ದಾರವನ್ನು ಇಟ್ಟು ಲೆಕ್ಕ ಹಾಕಿದಾಗ ಅದು ಬಳುಕಲೇ ಇಲ್ಲ. ಹಗುರವಾದಷ್ಟೂ ಚೆನ್ನಾಗಿ ಹಾರುತ್ತದೆ ಅಂದುಕೊಂಡಿದ್ದೆವು. ಬಳುಕಲು ಭಾರ ಬೇಕು! ಈ ಸಂಗತಿ ಎಷ್ಟು ಸಲ ನೆನೆದರೂ ನನಗೆ ಖುಷಿ ಕೊಡುತ್ತದೆ.

ಗೊರಕೆಯೂ ಇದೇ. ಗಂಟಲಿನ ಹಿಂದಿನ ಮೆತ್ತನೆ ಅಂಗುಳ ಉಸಿರಿನ ಗಾಳಿಗೆ ಬಾವುಟದಂತೆಯೇ ಬಡಿದಾಡುತ್ತದೆ. 1940ರ ನವೆಂಬರ್ 7ರಂದು ಅಮೆರಿಕದ ಟಕೋಮಾ ಸೇತುವೆ ಗಂಟೆಗೆ ಸುಮಾರು 64 ಕಿ.ಮೀ. ಗಾಳಿಗೆ ತಿರುಚಿ ತಿರುಚಿ ಮುರಿದು ಬಿದ್ದದ್ದೂ ಇದೇ ಜಾತಿಯ ಚಲನೆಯಿಂದ. ಗಾಳಿಯ ತಾಳಕ್ಕೂ ಸೇತುವೆಯ ತಾಳಕ್ಕೂ ಹೊಂದಿಕೆಯಾಗಿ ಬಿತ್ತು ಅಂತ ಈಗಲೂ ಎಷ್ಟೋ ಕಡೆ ಪಾಠ ಮಾಡುತ್ತಾರೆ. ಅಲ್ಲಿಯೂ ಗಾಳಿಗೆ ತಾಳ ಇರಲಿಲ್ಲ, ಸೇತುವೆಯ ಅಲುಗಾಟವೇ ಗಾಳಿಯಿಂದ ಬಲ ಪಡೆಯುತ್ತಿತ್ತು.

ಬಾವುಟ ಯಾವಾಗಲೂ ಮೊದಲು ಹರಿಯುವುದು ಹೊರ ತುದಿಯಲ್ಲಿ. ಅಲೆ ತುದಿಗೆ ಬಂದಾಗ ಮುಂದೆ ಹಿಡಿದುಕೊಳ್ಳಲು ಏನೂ ಇಲ್ಲ, ತುದಿ ಚಾಟಿ ಬೀಸಿದಂತೆ ಹೊರಳುತ್ತದೆ. ಪಟಪಟ ಸದ್ದು ಹುಟ್ಟುವುದೂ, ನೂಲು ಬಿಚ್ಚುವುದೂ ಅಲ್ಲೇ. ಅಟ್ಟಾರಿ ಗಡಿಯಲ್ಲಿ 2017ರಲ್ಲಿ 360 ಅಡಿ ಎತ್ತರದ ಕಂಬದ ಮೇಲೆ ಹಾರಿಸಿದ ಭಾರೀ ಬಾವುಟ ಗಾಳಿಗೆ ಪದೇಪದೇ ಹರಿದು ಸುದ್ದಿಯಾಗಿತ್ತು. ಎತ್ತರ ಏರಿದಷ್ಟೂ ಗಾಳಿ ಜೋರು. ಮೇಲಾಗಿ, ಬಳುಕುವ ಬಟ್ಟೆ ಗಾಳಿಯ ದಿಕ್ಕಿಗೇ ನೆಟ್ಟಗೆ ಚಾಚಿದ ಅಷ್ಟೇ ದೊಡ್ಡ ಹಲಗೆಗಿಂತ ಎಷ್ಟೋ ಜಾಸ್ತಿ ಗಾಳಿಯ ಎಳೆತ ತಿನ್ನುತ್ತದೆ.

ಇಷ್ಟು ಹೇಳಿದ ಮೇಲೆ ಹೈಸ್ಕೂಲ್ ಮಕ್ಕಳು ಕೇಳಿಯೇ ಕೇಳುತ್ತಾರೆ: "ಚಂದ್ರನ ಮೇಲೆ ಗಾಳಿ ಇಲ್ಲ, ಅಲ್ಲಿ ಬಾವುಟ ಹೇಗೆ ಹಾರಿತು?" ಹಾರಲಿಲ್ಲ. 1969ರಲ್ಲಿ ಅಪೊಲೊ 11ರವರು ನಿಲ್ಲಿಸಿದ ನೈಲಾನ್ ಬಾವುಟದ ಮೇಲಂಚಿನಲ್ಲಿ ಅಡ್ಡಕ್ಕೆ ಒಂದು ಸರಳಿತ್ತು. ಆ ಸರಳು ಪೂರ್ತಿ ಹೊರಗೆ ಬರಲಿಲ್ಲ, ಬಟ್ಟೆ ನೆರಿಗೆಯಾಗಿ ಉಳಿಯಿತು. ಫೋಟೊದಲ್ಲಿ ಅದೇ ಅಲೆಯಂತೆ ಕಾಣುತ್ತದೆ. ಕಂಬ ನೆಡುವಾಗ ಅಲುಗಿದ ಬಟ್ಟೆ ಬಹಳ ಹೊತ್ತು ತೂಗಾಡಿದ್ದು ನಿಜ. ಅದು ಗಾಳಿ ಇಲ್ಲ ಎಂಬುದಕ್ಕೇ ಸಾಕ್ಷಿ. ನಮ್ಮಲ್ಲಾದರೆ ಸುತ್ತಲಿನ ಗಾಳಿಯೇ ಆ ತೂಗಾಟವನ್ನು ಬೇಗ ತಡೆದು ನಿಲ್ಲಿಸುತ್ತಿತ್ತು. ಅಪೊಲೊ 12, 16 ಮತ್ತು 17ರ ಬಾವುಟಗಳ ನೆರಳು ಚಂದ್ರನ ಸುತ್ತುವ ನೌಕೆಯ ಚಿತ್ರಗಳಲ್ಲಿ ಇರುವುದನ್ನು 2012ರಲ್ಲಿ ಗುರುತಿಸಿದರು. ನಮ್ಮ ತ್ರಿವರ್ಣ ಅಲ್ಲಿಗೆ ಮೊದಲು ಮುಟ್ಟಿದ್ದು 2008ರ ನವೆಂಬರ್ 14ರಂದು. ಚಂದ್ರಯಾನ-1 ಕೆಳಕ್ಕೆ ಬಿಟ್ಟ ಪೆಟ್ಟಿಗೆಯ ಬದಿಗಳಲ್ಲಿ ಬಾವುಟದ ಚಿತ್ರವಿತ್ತು.

ಆಕಾಶವೇ ಬಾವುಟದ ಮೇಲೆ ಇಳಿದಿರುವ ದೇಶಗಳೂ ಇವೆ. ಬ್ರೆಜಿಲ್ ಬಾವುಟದ 27 ನಕ್ಷತ್ರಗಳು 1889ರ ನವೆಂಬರ್ 15ರ ಬೆಳಗ್ಗೆ ರಿಯೊ ನಗರದ ಮೇಲಿದ್ದ ಆಕಾಶವನ್ನು ತೋರಿಸುತ್ತವೆ. ಅದೂ ಆಕಾಶದ ಹೊರಗೆ ನಿಂತು ನೋಡಿದಂತೆ, ಎಡಬಲ ಅದಲುಬದಲಾಗಿ. ಬ್ರೆಜಿಲ್ ಬಾವುಟದಲ್ಲೂ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಮೋವಾ ಬಾವುಟಗಳಲ್ಲೂ ಇರುವ ತ್ರಿಶಂಕು ನಕ್ಷತ್ರಪುಂಜ ದಕ್ಷಿಣ ದೇಶದವರಿಗೆ ಮಾತ್ರ ಕಾಣುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿಂದ ಅದರ ಅತಿ ಕೆಳಗಿನ ನಕ್ಷತ್ರವೂ ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ ಬರುತ್ತದೆ. ಕೈ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ ಅನ್ನುವುದು ನಿಮ್ಮ ಅಳತೆಗೋಲಾಗಲಿ. ಮೇ ತಿಂಗಳ ನಡುವೆ ರಾತ್ರಿ ಒಂಬತ್ತರ ಹೊತ್ತಿಗೆ, ದಕ್ಷಿಣಕ್ಕೆ ಗುಡ್ಡ, ಮರ ಅಡ್ಡ ಇರದ ಗದ್ದೆ ಬಯಲಿನಲ್ಲಿ ನಿಂತು ನೋಡಿ. ಅದೇ ಆಕಾರದ ಇನ್ನೊಂದು ಗುಂಪು ಬಲಗಡೆ ಇದೆ, ಮೋಸ ಹೋಗಬೇಡಿ. ಅಸಲಿಯ ಎಡಕ್ಕೆ ಎರಡು ಪ್ರಕಾಶಮಾನ ನಕ್ಷತ್ರಗಳಿರುತ್ತವೆ. ಅಷ್ಟರಲ್ಲಿ ಮುಂಗಾರಿನ ಮೋಡ ಕವಿದರೆ, ಜನವರಿಯಲ್ಲಿ ಬೆಳಗಿನ ಜಾವ ಐದಕ್ಕೆ ಎದ್ದರೂ ಸಿಗುತ್ತದೆ.