ಎಂಜಿನ್ ಓಡುತ್ತಿದೆ, ಬೋಟು ಓಡುತ್ತಿಲ್ಲ: ಸ್ಟರ್ನ್‌ಡ್ರೈವ್ ಕೈಕೊಡುವ ಬಗೆ

ಸ್ಪೀಡ್‌ಬೋಟು ನಡುನೀರಿನಲ್ಲಿ ನಿಂತಿತು ಎಂದಾಗ ಮೊದಲು ಕೇಳಬೇಕಾದ್ದು ಇಷ್ಟೇ: ಎಂಜಿನ್ನೇ ನಿಂತಿತೋ, ಎಂಜಿನ್ ಓಡುತ್ತಿದ್ದು ಬೋಟು ಮಾತ್ರ ನಿಂತಿತೋ? ಎರಡೂ ಬೇರೆ ಬೇರೆ ಕಾಯಿಲೆಗಳು. ಕಲಿಯುವವರು ಹೆಚ್ಚು ಎಡವುವುದು ಎರಡನೆಯದರಲ್ಲಿ, ಹಾಗಾಗಿ ಇಲ್ಲಿ ಅದಕ್ಕೇ ಹೆಚ್ಚು ಜಾಗ.

ನಮ್ಮ ಮಾದರಿ: ಪೆಟ್ರೋಲ್ ವಿ8 ಎಂಜಿನ್, ಅದಕ್ಕೆ ಜೋಡಿಸಿದ ಸ್ಟರ್ನ್‌ಡ್ರೈವ್. ಎಂಜಿನ್ ಬೋಟಿನ ಒಳಗಿರುತ್ತದೆ, ಗೇರುಗಳಿರುವ ಕಾಲು ಹಿಂಬದಿಯ ಗೋಡೆಯಾಚೆ ನೀರಿಗೆ ಇಳಿದಿರುತ್ತದೆ. 1959ರಲ್ಲಿ ವೋಲ್ವೋ ಪೆಂಟಾ ‘ಅಕ್ವಾಮ್ಯಾಟಿಕ್’ ಎಂಬ ಹೆಸರಿನಲ್ಲಿ ಇದನ್ನು ತಂದಿತು, 1961ರಲ್ಲಿ ಮರ್ಕ್ರೂಸರ್ ಎಂಬ ಇನ್ನೊಂದು ಸ್ಟರ್ನ್‌ಡ್ರೈವ್ ಬಂತು. ಶಕ್ತಿ ಸಾಗುವ ದಾರಿಯನ್ನು ಬಾಯಿಪಾಠ ಮಾಡಿಕೊಳ್ಳಿ: ಕ್ರ್ಯಾಂಕ್, ಕಪ್ಲರ್ (ಎಂಜಿನ್ನನ್ನು ಡ್ರೈವಿಗೆ ಸೇರಿಸುವ ರಬ್ಬರ್ ಜೋಡಣೆ), ಯು-ಜಾಯಿಂಟ್ (ಬಾಗಿದರೂ ತಿರುಗಬಲ್ಲ ಕೀಲು), ಮೇಲಿನ ಗೇರು, ನೆಟ್ಟಗೆ ಇಳಿಯುವ ಶಾಫ್ಟ್, ಕೆಳಗಿನ ಪಿನಿಯನ್ (ಚಿಕ್ಕ ಗೇರು), ಪ್ರೊಪೆಲ್ಲರ್ ಶಾಫ್ಟ್, ಹಬ್, ಪ್ರೊಪೆಲ್ಲರ್. ಈ ದಾರಿಯಲ್ಲಿ ಎರಡು ಕಡೆ 90 ಡಿಗ್ರಿ ತಿರುವು ಇದೆ. ಹುಡುಕಾಟ ಮಾತ್ರ ಈ ದಾರಿಯ ತುದಿಯಿಂದ, ಅಂದರೆ ಪ್ರೊಪೆಲ್ಲರಿನಿಂದ, ಶುರುವಾಗಬೇಕು. ಅಲ್ಲಿ ಬಿಚ್ಚುವುದು ಸುಲಭ, ಖರ್ಚೂ ಕಡಿಮೆ.

ಮುರಿಯುವುದು ಯಾಕೆ

ಹೆದ್ದಾರಿಯಲ್ಲಿ ಸಮವೇಗದಲ್ಲಿ ಹೋಗುವ ಕಾರು ತನ್ನ ಎಂಜಿನ್ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ವೇಗದ ಬೋಟಿಗೆ ಆ ಬಿಡುವಿಲ್ಲ. ಥ್ರಾಟಲ್ ಪೂರ್ತಿ ತೆರೆದಷ್ಟು ಹೊತ್ತೂ ಹೊರೆಯೂ ಪೂರ್ತಿ.

ಲೆಕ್ಕ ಹಾಕಿ ನೋಡೋಣ. 500 ಅಶ್ವಶಕ್ತಿ ಎಂದರೆ ಸುಮಾರು 373 ಕಿಲೋವ್ಯಾಟ್. ನಿಮಿಷಕ್ಕೆ 5000 ಸುತ್ತಿನಲ್ಲಿ ಕ್ರ್ಯಾಂಕ್ ಮೇಲಿನ ಟಾರ್ಕ್ (ತಿರುಗಿಸುವ ಬಲ) ಸುಮಾರು 712 ನ್ಯೂಟನ್-ಮೀಟರ್. ಗೇರ್ ಅನುಪಾತ 1.5 ಇದ್ದರೆ, ಘರ್ಷಣೆ ಬಿಟ್ಟು, ಪ್ರೊಪೆಲ್ಲರ್ ಶಾಫ್ಟಿಗೆ ತಲುಪುವುದು 1068. ಅಂಗೈ ಅಗಲದ ಗೇರುಗಳು ಇದನ್ನು ಹೊರಬೇಕು.

ಹೊರೆ ಸಮನಾಗಿದ್ದರೆ ಹೊತ್ತಾವು. ಕೊಲ್ಲುವುದು ಹೊರೆಯ ಏರಿಳಿತ. ಅಲೆಯ ನೆತ್ತಿಯಿಂದ ಬೋಟು ಹಾರಿದಾಗ ಪ್ರೊಪೆಲ್ಲರ್ ಗಾಳಿಯಲ್ಲಿರುತ್ತದೆ, ಹೊರೆ ಸೊನ್ನೆಯಾಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತು 5000ದಿಂದ 6000ಕ್ಕೆ ಏರುತ್ತದೆ. ತಿರುಗುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಫ್ಲೈವೀಲ್ ಮತ್ತು ಕ್ರ್ಯಾಂಕ್‌ನಲ್ಲಿ ಕೂಡಿದ ಶಕ್ತಿ 1.44 ಪಟ್ಟಾಗಿರುತ್ತದೆ. ಮರುಗಳಿಗೆ ಪ್ರೊಪೆಲ್ಲರ್ ನೀರನ್ನು ಕಚ್ಚಿದಾಗ ಅದೆಲ್ಲ ಒಂದೇ ಏಟಿಗೆ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಸಮುದ್ರದ ರೇಸುಗಳಲ್ಲಿ ಸ್ಟಿಯರಿಂಗ್ ಒಬ್ಬರ ಕೈಯಲ್ಲಿ, ಥ್ರಾಟಲ್ ಇನ್ನೊಬ್ಬರ ಕೈಯಲ್ಲಿ ಇರುವುದು ಇದೇ ಕಾರಣಕ್ಕೆ: ಬೋಟು ಹಾರುವಾಗ ಥ್ರಾಟಲ್ ಇಳಿಸಿ, ನೀರು ಮುಟ್ಟಿದ ಮೇಲೆ ಮತ್ತೆ ಏರಿಸುವುದೇ ಅವರ ಕೆಲಸ. ಸುತ್ತು ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಎಂಜಿನ್ನನ್ನು ಉಳಿಸುತ್ತದೆ, ಗೇರುಗಳನ್ನಲ್ಲ. 2018ರ ನವೆಂಬರಿನಲ್ಲಿ ನಮ್ಮ ಕೃಷ್ಣೆಯಲ್ಲೇ, ಕೆಳಗೆ ಅಮರಾವತಿಯ ಬಳಿ, ಎಫ್‌1 ಎಚ್‌2ಒ ಎಂಬ ಪವರ್‌ಬೋಟ್ ರೇಸು ನಡೆದಿತ್ತು. ಅಂಥ ಚಪ್ಪಟೆ ನೀರಿನಲ್ಲಿ ಈ ಹೊಡೆತ ಬಹಳ ಕಡಿಮೆ.

ಹುಡುಕುವ ಕ್ರಮ

ಮೊದಲು ಹಬ್. ಪ್ರೊಪೆಲ್ಲರ್ ಮತ್ತು ಶಾಫ್ಟ್ ನಡುವೆ ರಬ್ಬರಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಬುಶ್ ಇರುತ್ತದೆ. ಬಂಡೆಗೆ ಬಡಿದರೆ ಗೇರು ಉಳಿಯಲಿ, ತಾನು ಹೋಗಲಿ ಎಂದೇ ಅದನ್ನು ಇಟ್ಟಿರುವುದು. ಅದು ಜಾರಿದ ಲಕ್ಷಣ: ನಿಧಾನಕ್ಕೆ ಹೋದರೆ ಬೋಟು ಸಾಗುತ್ತದೆ, ಥ್ರಾಟಲ್ ಒತ್ತಿದರೆ ಎಂಜಿನ್ ಕಿರುಚುತ್ತದೆ, ವೇಗ ಏರುವುದಿಲ್ಲ. ಖಚಿತ ಮಾಡಿಕೊಳ್ಳಲು ಹಬ್ಬಿನ ಒಳಭಾಗದಿಂದ ಹೊರಭಾಗಕ್ಕೆ ಮಾರ್ಕರಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಒಂದು ಸುತ್ತು ಓಡಿಸಿ ಬಂದು ನೋಡಿ. ಗೆರೆ ಎರಡಾಗಿ ಸರಿದಿದ್ದರೆ ಹಬ್ ಹೋಗಿದೆ.

ಇದೇ ಲಕ್ಷಣವನ್ನು ಗಾಳಿಯೂ ತೋರಿಸಬಹುದು. ತೀರಾ ಮೇಲಕ್ಕೆ ಟ್ರಿಮ್ ಮಾಡಿದಾಗ (ಅಂದರೆ ಡ್ರೈವಿನ ಕಾಲನ್ನು ಮೇಲಕ್ಕೆ ವಾಲಿಸಿದಾಗ), ಕಡಿದಾಗಿ ತಿರುಗಿಸಿದಾಗ ಪ್ರೊಪೆಲ್ಲರ್ ಮೇಲ್ಮೈಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬೋಟನ್ನು ನೇರ ಮಾಡಿ ಟ್ರಿಮ್ ಇಳಿಸಿದರೆ ಹಿಡಿತ ಮರಳುತ್ತದೆ. ಹಬ್ ಜಾರಿದ್ದರೆ ಮರಳುವುದಿಲ್ಲ.

ಸಂಖ್ಯೆಯಿಂದಲೂ ಹಿಡಿಯಬಹುದು. ಪಿಚ್ ಎಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ; 26 ಇಂಚು ಪಿಚ್ ಎಂದರೆ 0.66 ಮೀಟರ್. 5000 ಸುತ್ತನ್ನು 1.5ರಿಂದ ಭಾಗಿಸಿದರೆ ಪ್ರೊಪೆಲ್ಲರಿಗೆ 3333. ನೀರಿನಲ್ಲಿ ಜಾರದೇ ಹೋದರೆ ಗಂಟೆಗೆ 132 ಕಿ.ಮೀ. ಜಿಪಿಎಸ್ 119 ತೋರಿಸಿದರೆ ಜಾರಿಕೆ ಸುಮಾರು ಶೇ 10, ಸರಿಯಾಗಿದೆ. ಅದೇ 5000ಕ್ಕೆ 95 ತೋರಿಸಿದರೆ ಶೇ 28, ಏನೋ ಕೆಟ್ಟಿದೆ. ಬೋಟು ಚೆನ್ನಾಗಿರುವ ದಿನವೇ ಈ ಅಂಕಿಗಳನ್ನು ಬರೆದಿಡಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.

ಹಬ್ ಸರಿಯಿದ್ದರೆ ಗೇರ್ ಆಯಿಲ್. ಕೆಳಗಿನ ಸ್ಕ್ರೂ ಬಿಚ್ಚಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಸೀಲ್ ಹೋಗಿ ನೀರು ನುಗ್ಗಿದೆ. ಸ್ಕ್ರೂವಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನಯವಾದ ಪೇಸ್ಟು ಅಂಟಿದ್ದರೆ ಅದು ಸಾಮಾನ್ಯ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗೇರ್‌ಕೇಸ್ ಬಿಚ್ಚಲೇಬೇಕು. ಮುರಿದ ಹಲ್ಲನ್ನು ಎಸೆಯಬೇಡಿ, ಅದರ ಮುಖ ಓದಿ. ಇಡೀ ಮುಖ ಸಕ್ಕರೆಯ ಹರಳಿನಂತೆ ಒರಟಾಗಿದ್ದರೆ ಒಂದೇ ಏಟಿಗೆ ಮುರಿದದ್ದು. ಮರಳ ದಂಡೆಯ ಮೇಲೆ ಅಲೆ ಬಿಟ್ಟುಹೋದ ಗೆರೆಗಳಂತೆ ನಯವಾದ ಪಟ್ಟಿಗಳಿದ್ದು ಕೊನೆಯಲ್ಲಿ ಮಾತ್ರ ಒರಟಾಗಿದ್ದರೆ, ಬಿರುಕು ಬಹಳ ದಿನದಿಂದ ಬೆಳೆಯುತ್ತಿತ್ತು. ಆಗ ಹೊಸ ಗೇರು ಹಾಕಿದರಷ್ಟೇ ಸಾಲದು, ಗೇರುಗಳ ನಡುವಿನ ಸಡಿಲವನ್ನೂ ಅಳೆಯಬೇಕು.

ಮುಂದೆ ಯು-ಜಾಯಿಂಟ್ ಮತ್ತು ಅದನ್ನು ನೀರಿನಿಂದ ಕಾಯುವ ಮಡಿಕೆ ಮಡಿಕೆಯ ರಬ್ಬರ್ ಕೊಳವೆ, ಅಂದರೆ ಬೆಲ್ಲೋಸ್. ನಿಧಾನ ವೇಗದಲ್ಲಿ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಸದ್ದು ಬಂದರೆ ಯು-ಜಾಯಿಂಟ್, ಗುರ್ರೆಂದರೆ ಡ್ರೈವಿನ ಒಳಬರುವ ಶಾಫ್ಟನ್ನು ಹಿಡಿದಿರುವ ಗಿಂಬಲ್ ಬೇರಿಂಗ್. ಎರಡಕ್ಕೂ ಮೂಲ ಹೆಚ್ಚಾಗಿ ಹರಿದ ರಬ್ಬರ್ ಬೆಲ್ಲೋಸ್. ಅದು ಹರಿದರೆ ಬೇರಿಂಗ್ ಅಷ್ಟೇ ಅಲ್ಲ, ಕಟ್ಟಿಹಾಕಿದ ಬೋಟೂ ಮುಳುಗಬಹುದು.

ಕೊನೆಗೆ ಕಪ್ಲರ್. ಸುಟ್ಟ ರಬ್ಬರಿನ ವಾಸನೆ ಬಂದು, ಗೇರಿನಲ್ಲಿದ್ದರೂ ಪ್ರೊಪೆಲ್ಲರ್ ತಿರುಗದಿದ್ದರೆ ಇದನ್ನು ಅನುಮಾನಿಸಿ. ಕಾರಣ ಸಾಮಾನ್ಯವಾಗಿ ಎಂಜಿನ್ ನೇರವಾಗಿ ಕೂತಿಲ್ಲದಿರುವುದು. ಡ್ರೈವ್ ತೆಗೆದು, ಅಲೈನ್‌ಮೆಂಟ್ ಸರಳಿನ ತುದಿಗೆ ಗ್ರೀಸ್ ಹಚ್ಚಿ ತೂರಿಸಿ. ಎರಡು ಬೆರಳಿನ ಒತ್ತಡಕ್ಕೆ ಒಳಗೆ ಹೋಗಬೇಕು, ಹೊರಗೆಳೆದಾಗ ಗ್ರೀಸಿನ ಮೇಲೆ ಸುತ್ತಲೂ ಸಮನಾದ ಗುರುತು ಇರಬೇಕು. ಒಂದೇ ಬದಿ ಒರೆಸಿಹೋಗಿದ್ದರೆ ಎಂಜಿನ್ನಿನ ಮುಂದಿನ ಮೌಂಟ್ ಏರಿಸಿಯೋ ಇಳಿಸಿಯೋ ಮತ್ತೆ ನೋಡಿ.

ಎಂಜಿನ್ನೇ ನಿಂತರೆ

ಬಿಸಿಯಾಗಿ ನಿಂತಿದ್ದರೆ ಇಂಪೆಲ್ಲರ್, ಅಂದರೆ ತಂಪು ಮಾಡುವ ನೀರಿನ ಪಂಪಿನ ರೆಕ್ಕೆಚಕ್ರ, ನೋಡಿ. ಮರ್ಕ್ರೂಸರಿನ ಆಲ್ಫಾ ಮಾದರಿಯಲ್ಲಿ ನೀರಿನ ಪಂಪು ಡ್ರೈವಿನೊಳಗೆ, ಬ್ರಾವೋ ಮಾದರಿಯಲ್ಲಿ ಎಂಜಿನ್ ಮೇಲೆ. ರಬ್ಬರ್ ರೆಕ್ಕೆಗಳನ್ನು ಎಣಿಸಿ. ಒಂದು ಕಮ್ಮಿಯಿದ್ದರೆ ಅದು ಮುಂದಿನ ಪೈಪಿನಲ್ಲೆಲ್ಲೋ ಸಿಕ್ಕಿಕೊಂಡಿದೆ, ಅದನ್ನು ತೆಗೆಯದೆ ಹೊಸ ಇಂಪೆಲ್ಲರ್ ಹಾಕಿ ಫಲವಿಲ್ಲ.

ಕೆಮ್ಮುತ್ತಾ ನಿಂತಿದ್ದರೆ ಇಂಧನ. ಟ್ಯಾಂಕಿನ ಮುಚ್ಚಳ ತೆರೆದ ಮೇಲೆ ಎಂಜಿನ್ ಚೇತರಿಸಿಕೊಂಡರೆ ಗಾಳಿಕೊಳವೆ ಕಟ್ಟಿದೆ. ಇಲ್ಲವಾದರೆ ನೀರು ಬೇರ್ಪಡಿಸುವ ಫಿಲ್ಟರಿನಲ್ಲಿರುವುದನ್ನು ಗಾಜಿನ ಬಾಟಲಿಗೆ ಸುರಿಯಿರಿ. ತಳದಲ್ಲಿ ಬೇರೆ ಪದರ ಕೂತರೆ ಅದು ನೀರು. ಎಥೆನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಬೋಟಿನಲ್ಲಿ ಇದು ಮಾಮೂಲು.

ಕೆಟ್ಟದ್ದು ಇನ್ನೊಂದಿದೆ. ಪೂರ್ತಿ ವೇಗದಿಂದ ಥ್ರಾಟಲನ್ನು ಒಮ್ಮೆಲೇ ಎಳೆದರೆ ಬೋಟಿನದೇ ಅಲೆ ಹಿಂದಿನಿಂದ ಬಂದು ಎಕ್ಸಾಸ್ಟ್ ಬಾಯಿಗೆ ನುಗ್ಗಬಹುದು. ಸಿಲಿಂಡರಿನೊಳಗೆ ನೀರು ಸೇರಿದರೆ ಅದು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಟಾರ್ಟ್ ಮಾಡುವಾಗ ‘ಧಡ್’ ಎಂದು ಕಚ್ಚಿ ನಿಂತರೆ ಎರಡನೇ ಸಲ ಕೀ ತಿರುಗಿಸಬೇಡಿ. ಮೊದಲು ಎಂಜಿನ್ ಕೋಣೆಯ ಬ್ಲೋವರ್ 4 ನಿಮಿಷ ಓಡಿಸಿ, ಪೆಟ್ರೋಲ್ ವಾಸನೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಇಗ್ನಿಷನ್ ಸಂಪರ್ಕ ತಪ್ಪಿಸಿ, ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ತಿರುಗಿಸಿ ನೀರು ಚಿಮ್ಮಿಸಿ. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಿ. ಉಪ್ಪುನೀರಾಗಿದ್ದರೆ ಅದೇ ದಿನ ಎಂಜಿನ್ ಓಡಿಸಿ ಬಿಸಿ ಮಾಡಬೇಕು, ಮರುದಿನಕ್ಕೆ ಬಿಟ್ಟರೆ ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದಿರುತ್ತದೆ.